ನಲವತ್ತೆರಡು ಊರಿಗೆ ಒಂದೇ ದನಿ

ಅರಸೀಕೆರೆಯಲ್ಲಿ ಅರುಣಾಳ ಮುಖ ನೋಡಿದವರು ಕಡಿಮೆ, ಅವಳ ದನಿ ಕೇಳದವರು ಇನ್ನೂ ಕಡಿಮೆ. ಬಟ್ಟೆ ಅಂಗಡಿಯ ರಿಯಾಯಿತಿ, ಟ್ಯೂಷನ್ ಸೆಂಟರಿನ ಪ್ರವೇಶ, ಕುಡಿಯುವ ನೀರಿನ ಪೈಪ್ ದುರಸ್ತಿ, ಏನೇ ಇರಲಿ, ತಲೆಯ ಮೇಲೆ ಸ್ಪೀಕರ್ ಕಟ್ಟಿಕೊಂಡ ಆಟೋ ಬೀದಿಗೆ ಬಂತೆಂದರೆ ಒಳಗಿಂದ ಬರುತ್ತಿದ್ದುದು ಅವಳದೇ ದನಿ. "ಬಂಧುಗಳೇ" ಎಂದು ಶುರು ಮಾಡುತ್ತಿದ್ದಳು. ಆ ಒಂದು ಮಾತಿಗೆ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದವರೂ ಕೈ ನಿಲ್ಲಿಸಿ ಕೇಳುತ್ತಿದ್ದರು.

ಅವಳ ಅಪ್ಪ ಏಕಾಂತಯ್ಯ ಕೊಬ್ಬರಿ ವ್ಯಾಪಾರಿ. ಮನೆಯ ಹಿಂದೆಯೇ ಉಗ್ರಾಣ. ಒಣಗುತ್ತಿರುವ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇನ್ನೂ ಅಂಟಿಕೊಂಡಿದೆಯೋ ತಿಳಿಯುತ್ತದೆ. ಹುಡುಗಿಯಾಗಿದ್ದಾಗ ಅರುಣಾ ಅಪ್ಪನ ಪಕ್ಕ ಕೂತು ಈ ಕೆಲಸ ಮಾಡುತ್ತಿದ್ದಳು, ಅಪ್ಪನಿಗಿಂತ ಕಡಿಮೆ ತಪ್ಪು ಮಾಡುತ್ತಿದ್ದಳು. ಪಿಯುಸಿಗೆ ಬರುವ ಹೊತ್ತಿಗೆ ಕಣ್ಣಿನ ಅಂಚುಗಳು ಮಂಜಾಗತೊಡಗಿದವು. ರೆಟಿನಾದ ಕಾಯಿಲೆ, ಔಷಧಿಯಿಲ್ಲ ಎಂದು ಮೈಸೂರಿನ ಡಾಕ್ಟರು ಹೇಳಿದರು. ಇಪ್ಪತ್ತು ತುಂಬುವಷ್ಟರಲ್ಲಿ ಬೆಳಕು ಬಂದಿದೆ, ಹೋಗಿದೆ ಎನ್ನುವುದಷ್ಟೇ ಉಳಿಯಿತು. ಒಂದು ವರ್ಷ ಮನೆಯೊಳಗೆ ಕೂತಳು. ಆಮೇಲೆ ತಾನಾಗಿಯೇ ಹಟ ಹಿಡಿದು ಮೈಸೂರಿಗೆ ಹೋಗಿ, ಆರು ತಿಂಗಳು ಹಾಸ್ಟೆಲ್ಲಿನಲ್ಲಿದ್ದು ಕಂಪ್ಯೂಟರ್ ಕಲಿತು ಬಂದಳು. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವೊಂದಿದೆ. ಕೀಲಿಮಣೆಯೊಂದಿದ್ದರೆ ಸಾಕು, ಮೌಸ್ ಮುಟ್ಟಬೇಕಾಗಿಲ್ಲ.

ಕಲಿತದ್ದಕ್ಕೆ ಕೆಲಸ ಮಾತ್ರ ಸಿಗಲಿಲ್ಲ. ಸಿಕ್ಕಿದ್ದು ದನಿಗೆ. ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಚನ್ನೇಶ್ ಎಂಬಾತ ಪ್ರಚಾರದ ಆಟೋಗಳಿಗೆ ಧ್ವನಿಮುದ್ರಣ ಮಾಡಿಕೊಡುವ ಅಂಗಡಿ ಇಟ್ಟಿದ್ದ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿದ ಕೋಣೆ, ಒಂದು ಮೈಕು, ಒಂದು ಕಂಪ್ಯೂಟರು. ಅವನು ಸಾಲುಸಾಲಾಗಿ ಓದಿ ಹೇಳುವುದು, ಅವಳು ನೆನಪಿಟ್ಟುಕೊಂಡು ಮೈಕಿಗೆ ಹೇಳುವುದು. ರೈಲು ಬಂದರೆ ಇಬ್ಬರೂ ಸುಮ್ಮನಿರುವುದು. ತಪ್ಪಾದದ್ದನ್ನು ಕತ್ತರಿಸಿ, ಸಂಗೀತ ಕೂಡಿಸಿ, ಪೆನ್‌ಡ್ರೈವಿಗೆ ಹಾಕುವ ಕೆಲಸವೆಲ್ಲ ಚನ್ನೇಶನದು. ಹೀಗೇ ನಾಲ್ಕು ವರ್ಷ ನಡೆಯಿತು.

ಕೆಟ್ಟದ್ದು ಜಾವಗಲ್ಲಿನಲ್ಲಿ.

ಅರುಣಾಳ ಸೋದರತ್ತೆ ಕಾಂತಮ್ಮನ ಮನೆ ಜಾವಗಲ್ಲಿನ ದೊಡ್ಡ ಬೀದಿಯಲ್ಲಿದೆ. ಅವರ ಮೊಮ್ಮಗುವಿಗೆ ಹೆಸರಿಡುವ ದಿನ ಮನೆ ತುಂಬ ನೆಂಟರು. ಅವತ್ತೇ ಸಂತೆ. ಊಟಕ್ಕೆ ಎಲೆ ಹಾಕಿದ್ದರು, ಬೀದಿಯಲ್ಲಿ ಆಟೋ ಬಂತು. ಸೀರೆ ಅಂಗಡಿಯ ಪ್ರಚಾರ. "ಬಂಧುಗಳೇ" ಎಂದ ಕೂಡಲೇ ಅತ್ತೆ, "ನಮ್ಮ ಅರುಣಂದು ಕಣ್ರೀ, ಕೇಳಿ" ಎಂದು ಎಲ್ಲರನ್ನೂ ಸುಮ್ಮನಿರಿಸಿದರು. ದನಿ ಮುಂದುವರಿಯಿತು.

"ಒಂದು ರೇಷ್ಮೆ ಸೀರೆ ಕೊಂಡರೆ ಒಂದು ಕಾಟನ್ ಶ್ರೀ... ಥೂ, ನಾಲಗೆ ತೊಡರ್ತು. ಚನ್ನೇಶಣ್ಣ, ಇದ ಕತ್ತರಿಸಾಕು, ಇನ್ನೊಂದ್ಸಲ ಹೇಳ್ತೀನಿ."

ಆಟೋ ನಿಧಾನವಾಗಿ ಹೋಗುತ್ತಿತ್ತು. ಬೀದಿಯ ಆ ತುದಿ ತಲುಪುವಷ್ಟರಲ್ಲಿ ಅದೇ ಮಾತು ಮೂರು ಸಲ ಬಂತು. ಪಂಕ್ತಿಯಲ್ಲಿ ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅತ್ತೆಯೂ ನಕ್ಕಿರಬೇಕು. ಹೊರಗೆ ಮಕ್ಕಳು "ಥೂ, ನಾಲಗೆ ತೊಡರ್ತು" ಎಂದು ಕೂಗುತ್ತ ಆಟೋದ ಹಿಂದೆ ಓಡಿದವು. ಅರುಣಾ ತಲೆ ತಗ್ಗಿಸಿ ಅನ್ನ ಕಲೆಸಿದಳು. ನಕ್ಕವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತನ್ನ ಬಾಯಿಂದ ಬಂದ ಮಾತು ಇಡೀ ಸಂತೆಗೆ ಹೋಗುವ ಮೊದಲು ತಾನೊಮ್ಮೆ ಕೇಳಿರಲಿಲ್ಲವಲ್ಲ, ಅದು ಚುಚ್ಚಿತು.

ಮರುದಿನ ಅಂಗಡಿಗೆ ಹೋದವಳೇ ಹೇಳಿದಳು. "ಚನ್ನೇಶಣ್ಣ, ಇನ್ಮೇಲೆ ನನ್ನ ದನೀನ ನಾನೇ ಕತ್ತರಿಸ್ತೀನಿ."

ಚನ್ನೇಶ್ ಒಳ್ಳೆಯವನೇ. ತಪ್ಪು ಒಪ್ಪಿಕೊಂಡ. "ಅವತ್ತು ಅವಸರದಲ್ಲಿ ಬೇರೆ ಫೈಲ್ ಹೋಯ್ತು ಕಣಮ್ಮ. ಆದ್ರೆ ನೀನು ಹೆಂಗೆ ಮಾಡ್ತೀಯ? ಇದೆಲ್ಲ ಪರದೆ ಮೇಲೆ ಗೆರೆ ನೋಡ್ಕೊಂಡು ಮಾಡೋ ಕೆಲಸ."

"ಗೆರೆ ಯಾಕೆ ನೋಡ್ಬೇಕು? ಇದು ಕೇಳೋ ವಸ್ತು ಅಲ್ವಾ?"

ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅವನ ಕಂಪ್ಯೂಟರಿನಲ್ಲಿದ್ದುದು ದುಬಾರಿ ಸಾಫ್ಟ್‌ವೇರು. ಕೊಂಡದ್ದಲ್ಲ, ಯಾರೋ ಪೆನ್‌ಡ್ರೈವಿನಲ್ಲಿ ತಂದುಕೊಟ್ಟ ಕಳ್ಳಪ್ರತಿ. ಪರದೆ ಓದಿ ಹೇಳುವ ತಂತ್ರಾಂಶವನ್ನು ಅರುಣಾ ಅದರ ಮೇಲೆ ಬಿಟ್ಟಳು. ಅದು "ಬಟನ್" ಎಂದಿತು. ಮುಂದಿನದಕ್ಕೆ ಹೋದಳು. "ಬಟನ್." ಇಪ್ಪತ್ತು ಸಲ ಒತ್ತಿದರೆ ಇಪ್ಪತ್ತು ಸಲ "ಬಟನ್." ಯಾವುದು ಕತ್ತರಿಸುತ್ತದೆ, ಯಾವುದು ಅಳಿಸುತ್ತದೆ ಎಂದು ಹೇಳುವವರಿಲ್ಲ. ಆಮೇಲೆ ಫೋನಿನ ಆ್ಯಪೊಂದನ್ನು ಹಿಡಿದಳು. ಅದು ಮಾತಾಡುತ್ತಿತ್ತೇನೋ ಸರಿ, ಎರಡು ನಿಮಿಷಕ್ಕೊಮ್ಮೆ ಜಾಹೀರಾತು ನುಗ್ಗಿ ಇವಳ ದನಿಯನ್ನೇ ಮುಚ್ಚುತ್ತಿತ್ತು. ಮುಗಿಸಿದ ಮೇಲೆ ಉಳಿಸಲು ಹೋದರೆ ಚಂದಾ ಕಟ್ಟಿ ಎಂದಿತು.

ಮೈಸೂರಿನಲ್ಲಿ ಬೇರೆ ಬೇರೆ ವರ್ಷ ಕಂಪ್ಯೂಟರ್ ಕಲಿತವರದೊಂದು ವಾಟ್ಸಾಪ್ ಗುಂಪಿತ್ತು. ಎಲ್ಲರೂ ಕಣ್ಣು ಕಾಣದವರು, ಹೆಚ್ಚಾಗಿ ದನಿಯಲ್ಲೇ ಸಂದೇಶ. ಅಲ್ಲಿ ಕೇಳಿದಳು. ಬೇಲೂರಿನ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ರಾಹುಲ್ ಅರ್ಧ ಗಂಟೆಯಲ್ಲಿ ಫೋನನ್ನೇ ಮಾಡಿದ.

"ಆಡಾಸಿಟಿ ಅಂತ ದನಿ ಕತ್ತರಿಸೋ ತಂತ್ರಾಂಶ ಇದೆ, ಹಾಕ್ಕೊಳ್ಳಿ ಅರುಣಾ ಅವ್ರೇ. ನಾನು ಮೂರು ವರ್ಷದಿಂದ ಅದ್ರಲ್ಲೇ ಮಾಡ್ತಿರೋದು. ಪ್ರತಿಯೊಂದಕ್ಕೂ ಕೀ ಇದೆ, ಪ್ರತಿ ಮೆನುನೂ ಓದುತ್ತೆ. ದುಡ್ಡೂ ಇಲ್ಲ, ಜಾಹೀರಾತೂ ಇಲ್ಲ."

"ಕಳ್ಳಪ್ರತಿನಾ?"

"ಅಲ್ವೇ ಅಲ್ಲ. ಅವ್ರೇ ಕೊಡೋದು. ಮುಕ್ತ ತಂತ್ರಾಂಶ ಅಂತಾರೆ. ಹೆಂಗೆ ಬರೆದಿದಾರೆ ಅನ್ನೋದನ್ನೂ ತೆರೆದೇ ಇಟ್ಟಿರ್ತಾರೆ. ಯಾರು ಬೇಕಾದ್ರೂ ನೋಡ್ಬಹುದು, ಸರಿ ಮಾಡ್ಬಹುದು, ಇನ್ನೊಬ್ರಿಗೆ ಕೊಡ್ಬಹುದು. ನೀವು ಪರದೆ ಓದಿಸ್ತೀರಲ್ಲ, ಅದೂ ಹಂಗೇ ಬಂದಿದ್ದು. ಅದನ್ನ ಶುರು ಮಾಡಿದವರು ಆಸ್ಟ್ರೇಲಿಯಾದ ಇಬ್ಬರು. ಇಬ್ಬರಿಗೂ ಕಣ್ಣು ಕಾಣಲ್ಲ."

ಈ ಕೊನೆಯ ಮಾತು ಅರುಣಾಳಿಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ತನ್ನ ಕಿವಿಯಲ್ಲಿ ಮಾತಾಡುತ್ತಿದ್ದುದನ್ನು ತನ್ನಂಥವರೇ ಮಾಡಿದ್ದು ಎಂದು ತಿಳಿದು, ಆಡಾಸಿಟಿಯನ್ನು ಎಲ್ಲಿಂದ ಇಳಿಸಿಕೊಳ್ಳುವುದೆಂದು ಅವಳು ಆಗಲೇ ಕೇಳಿಕೊಂಡಳು.

ಏಕಾಂತಯ್ಯನಿಗೆ ಮಾತ್ರ ಅನುಮಾನ. ವ್ಯಾಪಾರಿ ಮನುಷ್ಯ. "ಬಿಟ್ಟಿ ಕೊಡ್ತಾರೆ ಅಂದ್ರೆ ಏನೋ ಹುಳುಕೈತೆ ಕಣಮ್ಮ. ನಾನೇನು ಸುಮ್ ಸುಮ್ನೆ ಕೊಬ್ಬರಿ ಕೊಡ್ತೀನಾ?"

"ಮಠಕ್ಕೆ ಕೊಡ್ತೀಯಲ್ಲಪ್ಪ."

"ಅದು ದಾಸೋಹಕ್ಕೆ. ಅದೇ ಬೇರೆ."

"ಅಲ್ಲಿ ಅಕ್ಕಿ ತರೋರು ಒಬ್ರು, ಬೇಯ್ಸೋರು ಒಬ್ರು, ಉಣ್ಣೋರು ಇನ್ಯಾರೋ. ಉಂಡೋರನ್ನ ನೀನ್ಯಾರು ಅಂತ ಕೇಳ್ತಾರಾ? ಉಂಡೋನು ನಾಳೆ ಬಂದು ಸೌದೆ ಒಡ್ದು ಕೊಟ್ರೆ ಬೇಡ ಅಂತಾರಾ? ಇದೂ ಹಂಗೇಯ."

ಏಕಾಂತಯ್ಯ ಯೋಚಿಸಿದರು. "ಕಂಪ್ಯೂಟರ್ನಾಗೂ ದಾಸೋಹ ಐತೆ ಅನ್ನು," ಎಂದರು. ಉಗ್ರಾಣದ ಲೆಕ್ಕಕ್ಕೆಂದು ತಂದು ಮೂಲೆಗಿಟ್ಟಿದ್ದ ಹಳೆಯ ಲ್ಯಾಪ್‌ಟಾಪನ್ನು ಒರೆಸಿ ಅವಳ ಮುಂದಿಟ್ಟರು.

ಮೂರು ತಿಂಗಳು ಕಲಿತಳು. ಬೆಳಿಗ್ಗೆ ಮನೆಯಲ್ಲಿ, ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ. ಮೊದಮೊದಲು ಬೇಕಾದ್ದನ್ನೇ ಕತ್ತರಿಸಿಬಿಡುತ್ತಿದ್ದಳು. ಸಂಜೆ ರಾಹುಲ್ ಬ್ಯಾಂಕಿನಿಂದ ಬಂದ ಮೇಲೆ ಫೋನಿನಲ್ಲಿ ತಿದ್ದುತ್ತಿದ್ದ. ದನಿ ಓಡುತ್ತಿರುವಾಗಲೇ ಒಂದು ಕೀ ಒತ್ತಿದರೆ ಕತ್ತರಿಸುವ ತುಂಡಿನ ಆರಂಭ, ಇನ್ನೊಂದು ಒತ್ತಿದರೆ ಕೊನೆ. ಫ್ಯಾನಿನ ಗೊರಗೊರ ಮಾತ್ರ ಇರುವ ಎರಡು ಕ್ಷಣವನ್ನು ಆರಿಸಿ ತೋರಿಸಿದರೆ, ಇಡೀ ಮುದ್ರಣದಿಂದ ಅಷ್ಟನ್ನೇ ಇಳಿಸಿಕೊಡುತ್ತದೆ. ಬೇಕಾದ ಜಾಗಕ್ಕೆ ಹೆಸರು ಬರೆದ ಚೀಟಿ ಅಂಟಿಸಬಹುದು, ಆಮೇಲೆ ಚೀಟಿಯಿಂದ ಚೀಟಿಗೆ ಹಾರಬಹುದು. ಒಂದು ಮಾತಿನ ಕೊನೆಗೂ ಮುಂದಿನ ಉಸಿರಿನ ಶುರುವಿಗೂ ನಡುವೆ ಎಷ್ಟು ಜಾಗವಿದೆ ಎಂಬುದು ಅವಳ ಕಿವಿಗೆ ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಅವಳು ಜೋಡಿಸಿದ ಕಡೆ ಬೆಸುಗೆ ಕೇಳಿಸುತ್ತಿರಲಿಲ್ಲ. ಚನ್ನೇಶ್ ಜೋಡಿಸಿದ ಕಡೆ ಕೇಳಿಸುತ್ತಿತ್ತು. ಅದನ್ನು ಅವಳು ಹೇಳಲಿಲ್ಲ.

ಆದರೂ ಚನ್ನೇಶ್ ಸಣ್ಣಪುಟ್ಟದ್ದನ್ನು ಮಾತ್ರ ಅವಳಿಗೆ ಬಿಡುತ್ತಿದ್ದ. "ದೊಡ್ಡ ಕೆಲಸ ನನ್ನ ಹಳೇದ್ರಲ್ಲೇ ಆಗ್ಲಿ. ಬಿಟ್ಟಿದು ನೆಚ್ಕೊಂಡು ಗಿರಾಕಿ ಕಳ್ಕೊಳೋದು ಬೇಡ."

ದೊಡ್ಡ ಕೆಲಸ ಬಂದದ್ದು ಗಂಡಸಿಯಿಂದ. ಅಲ್ಲಿನ ಪಶುವೈದ್ಯೆ ಸೌಂದರ್ಯ ಶನಿವಾರ ಮಧ್ಯಾಹ್ನ ಅಂಗಡಿಗೆ ಬಂದರು. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ, ನಲವತ್ತೆರಡು ಹಳ್ಳಿ. ಪ್ರತಿ ಹಳ್ಳಿಗೂ ದಿನ ಬೇರೆ, ಹೊತ್ತು ಬೇರೆ, ದನ ಕಟ್ಟುವ ಜಾಗ ಬೇರೆ.

"ಹೋದ ಸಲ ಎಲ್ಲಾ ಊರಿಗೂ ಒಂದೇ ಪ್ರಚಾರ ಹಾಕಿದ್ವಿ," ಎಂದರು ಅವರು. "ನಿಮ್ಮ ಗ್ರಾಮದಲ್ಲಿ ನಿಗದಿತ ದಿನದಂದು ಅಂತ. ಯಾರಿಗೆ ಅರ್ಥ ಆಗುತ್ತೆ? ಒಂದೂರಲ್ಲಿ ಬೆಳಿಗ್ಗೆಯಿಂದ ಕಾದ್ರೆ ಹನ್ನೊಂದು ದನ ಬಂದ್ವು. ಈ ಸಲ ಆಯಾ ಊರಲ್ಲಿ ಆಯಾ ಊರಿನ ಹೆಸರೇ ಕೇಳಿಸಬೇಕು. ಮಂಗಳವಾರ ಬೆಳಿಗ್ಗೆ ಆರಕ್ಕೆ ಐದು ಆಟೋ ಹೊರಡ್ತವೆ."

ಚನ್ನೇಶ್ ಒಪ್ಪಿಕೊಂಡ. ಭಾನುವಾರ ಅಂಗಡಿಗೆ ರಜೆ. ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಸಾಫ್ಟ್‌ವೇರು ತೆರೆಯಲಿಲ್ಲ. ಪರವಾನಗಿ ಸಂಖ್ಯೆ ಕೊಡಿ ಎಂಬ ಒಂದು ಚೌಕ ಬಂದು ನಿಂತಿತು. ಚನ್ನೇಶ್ ಮುಚ್ಚಿ ತೆರೆದ, ಕಂಪ್ಯೂಟರನ್ನೇ ಆರಿಸಿ ಹಚ್ಚಿದ, ಪೆನ್‌ಡ್ರೈವ್ ಕೊಟ್ಟವನಿಗೆ ಫೋನ್ ಮಾಡಿದ. ಆತ ಎತ್ತಲಿಲ್ಲ. ಹತ್ತು ಗಂಟೆಯಾಯಿತು. ಚನ್ನೇಶನ ಉಸಿರು ಬದಲಾದದ್ದು ಅರುಣಾಳಿಗೆ ಕೇಳಿಸಿತು.

"ಡಾಕ್ಟ್ರಿಗೆ ಆಗಲ್ಲ ಅಂತ ಹೇಳ್ಬಿಡ್ತೀನಿ," ಎಂದ.

"ಹೇಳ್ಬೇಡ," ಎಂದಳು ಅರುಣಾ, ಚೀಲದಿಂದ ಲ್ಯಾಪ್‌ಟಾಪ್ ತೆಗೆಯುತ್ತ. "ಮೈಕಿನ ತಂತಿ ಇತ್ಲಾಗೆ ಕೊಡು."

ಮೊದಲು ಡಾಕ್ಟರಿಗೇ ಫೋನ್ ಮಾಡಿದಳು. ಹಳ್ಳಿಗಳ ಪಟ್ಟಿಯನ್ನು ಅವರು ಫೋಟೋ ತೆಗೆದು ಕಳಿಸಿದ್ದರು. ಫೋಟೋವನ್ನು ಅವಳ ಯಂತ್ರ ಓದುವುದಿಲ್ಲ, ಟೈಪ್ ಮಾಡಿದ್ದು ಬೇಕು ಎಂದು ಕೇಳಿದಳು. ಹತ್ತು ನಿಮಿಷದಲ್ಲಿ ಬಂತು. ಒಂದು ಕಿವಿಗೆ ಇಯರ್‌ಫೋನ್ ಹಾಕಿ ಪಟ್ಟಿಯನ್ನು ಕೇಳಿದಳು, ಹದಿನೇಳನೆಯ ಸಾಲಿನಲ್ಲಿ ನಿಲ್ಲಿಸಿದಳು. ಮತ್ತೆ ಫೋನ್.

"ಮೇಡಂ, ಹೊಸಹಳ್ಳಿ ಎರಡು ಸಲ ಬಂದೈತೆ. ದಿನಾನೂ ಬೇರೆ ಬೇರೆ."

ಆ ಕಡೆ ಕಾಗದ ಮಗುಚುವ ಸದ್ದು. "ಎರಡು ಹೊಸಹಳ್ಳಿ ಇವೆ," ಎಂದರು ಸೌಂದರ್ಯ. "ನಾನೇ ಗಮನಿಸಿರಲಿಲ್ಲ. ಹೇಗೆ ಮಾಡೋಣ?"

"ಒಂದಕ್ಕೆ ಕೆರೆ ಹಿಂದಿನ ಹೊಸಹಳ್ಳಿ ಅಂತೀನಿ. ಆ ಊರೋರು ಹಂಗೇ ಕರ್ಕೊಳೋದು."

ಆಮೇಲೆ ಕೆಲಸ. ಲಸಿಕೆ ಯಾಕೆ ಬೇಕು, ಗಬ್ಬದ ಹಸುವಿದ್ದರೆ ಮೊದಲೇ ತಿಳಿಸಿ ಎಂಬ ಸಾಮಾನ್ಯ ಮಾತನ್ನು ಒಂದೇ ಸಲ ಮುದ್ರಿಸಿದಳು. ಮೂರನೆಯ ಪ್ರಯತ್ನ ಅವಳಿಗೆ ಒಪ್ಪಿಗೆಯಾಯಿತು. ನಂತರ ಹಳ್ಳಿಗಳು. ಒಂದು ಕಿವಿಯಲ್ಲಿ ಯಂತ್ರ ಸಾಲನ್ನು ಓದುವುದು, ಅದು ಮುಗಿದ ಕೂಡಲೇ ಇವಳು ಮೈಕಿಗೆ ಹೇಳುವುದು. ಊರ ಹೆಸರು, ದಿನ, ಹೊತ್ತು, ಜಾಗ. ಡೇರಿ ಮುಂದೆ, ಅರಳಿಕಟ್ಟೆ ಹತ್ತಿರ, ಶಾಲೆ ಮೈದಾನ. ನಡುವೆ ಎರಡು ರೈಲು ಬಂದವು, ಅವು ಹೋಗುವವರೆಗೆ ನೀರು ಕುಡಿದಳು. ಚನ್ನೇಶ್ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದ. ಅವನು ಸಾಲು ಓದಿಕೊಡಬೇಕಾದ ಅಗತ್ಯವೇ ಬೀಳಲಿಲ್ಲ.

ಊಟದ ಹೊತ್ತಿಗೆ ನಲವತ್ತೆರಡು ಊರುಗಳೂ ಲ್ಯಾಪ್‌ಟಾಪಿನೊಳಗೆ ಸಾಲಾಗಿ ನಿಂತಿದ್ದವು. ಒಂದೊಂದರ ಮುಂದೆಯೂ "ಬಂಧುಗಳೇ", ಹಿಂದೆ ಸಾಮಾನ್ಯ ಮಾತು, ತಲೆಯ ಮೇಲೆ ಹೆಸರಿನ ಚೀಟಿ. ನಕಲು, ಅಂಟಿಸು, ಚೀಟಿ. ನಕಲು, ಅಂಟಿಸು, ಚೀಟಿ. ಕೀಲಿಮಣೆಯ ಸದ್ದು ಮಳೆ ಹನಿಯಂತೆ ಒಂದೇ ಸಮ ಬೀಳುತ್ತಿತ್ತು.

ಮೂರು ಗಂಟೆಗೆ ಡಾಕ್ಟರ ಫೋನ್. ದನಿಯಲ್ಲಿ ಸಂಕೋಚ. "ಅರುಣಾ, ಲಸಿಕೆ ಇಡೋ ಐಸ್ ಪೆಟ್ಟಿಗೆ ಒಂದು ಕಡಿಮೆ ಬಂದಿದೆ. ಒಂಬತ್ತು ಹಳ್ಳಿ ಒಂದು ದಿನ ಮುಂದಕ್ಕೆ ಹೋಗಬೇಕು. ಎಲ್ಲಾ ಮೊದಲಿಂದ ಮಾಡಬೇಕಾಗುತ್ತಾ?"

ಚನ್ನೇಶ್ ಸ್ಟೂಲಿನಿಂದ ಎದ್ದೇಬಿಟ್ಟ. ಅವನ ಲೆಕ್ಕದಲ್ಲಿ ಅದು ಇನ್ನೊಂದು ದಿನದ ಕೆಲಸ.

"ಯಾವ ಒಂಬತ್ತು ಅಂತ ಹೇಳಿ," ಎಂದಳು ಅರುಣಾ.

ಒಂಬತ್ತೂ ಊರುಗಳ ಸಾಲನ್ನು ಹೊಸದಾಗಿ ಹೇಳಿದಳು. ಚೀಟಿಯಿಂದ ಚೀಟಿಗೆ ಹಾರಿ, ಹಳೆಯ ದಿನ ತೆಗೆದು ಹೊಸದನ್ನು ಕೂರಿಸಿದಳು. ಬೆಳಗಿನ ದನಿಗೂ ಮಧ್ಯಾಹ್ನದ ದನಿಗೂ ಕೊಂಚ ವ್ಯತ್ಯಾಸವಿತ್ತು, ಗಂಟಲು ಆರಿತ್ತು. ಅದನ್ನೂ ಸರಿದೂಗಿಸಿದಳು. ಆಮೇಲೆ ನಲವತ್ತೆರಡನ್ನೂ ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ, ಕೇಳಿದಳು. ಚನ್ನೇಶ್ ಪಟ್ಟಿಯ ಕಾಗದ ಹಿಡಿದು ಒಂದೊಂದಕ್ಕೂ ಗುರುತು ಹಾಕಿದ. ಒಂದೂ ತಪ್ಪಿರಲಿಲ್ಲ.

"ಇನ್ನು ಒಂದೊಂದೇ ಫೈಲ್ ಮಾಡಿ ಉಳಿಸ್ಬೇಕಲ್ಲ," ಎಂದ ಅವನು. "ಅದೇ ಎರಡು ಗಂಟೆ ಹಿಡೀತದೆ."

ಅರುಣಾ ಮೆನುವಿಗೆ ಹೋದಳು, ಚೀಟಿಗೊಂದು ಫೈಲ್ ಎಂಬುದನ್ನು ಆರಿಸಿ ಎಂಟರ್ ಒತ್ತಿದಳು. ಸ್ವಲ್ಪ ಹೊತ್ತಿನಲ್ಲೇ ನಲವತ್ತೆರಡು ಫೈಲುಗಳು, ಒಂದೊಂದರ ಮೇಲೂ ಅದರದರ ಊರಿನ ಹೆಸರು, ಸಾಲಾಗಿ ಬಂದು ಕೂತವು. ಹೊರಗೆ ಇನ್ನೂ ಬಿಸಿಲಿತ್ತು. ಐದೂವರೆ.

ಚನ್ನೇಶ್ ಪರದೆಯ ಮುಂದೆ ಬಗ್ಗಿ ಪಟ್ಟಿಯನ್ನು ಕೆಳಗಿನವರೆಗೆ ನೋಡಿದ. "ಎಷ್ಟು ವರ್ಷ ಒಂದೊಂದೇ ಉಳಿಸಿದೀನಿ ಗೊತ್ತಾ," ಎಂದ ಮೆತ್ತಗೆ. ಆಮೇಲೆ ಹೋಗಿ ಇಬ್ಬರಿಗೂ ಬೈಟೂ ಕಾಫಿ ತರುವ ಬದಲು ಎರಡು ಪೂರ್ತಿ ಕಾಫಿ ತಂದ.

ಮಂಗಳವಾರ ಆರಕ್ಕೆ ಆಟೋಗಳು ಹೊರಟವು. ಗಂಡಸಿಯ ಕರಿಯಪ್ಪ ಅವುಗಳಲ್ಲೊಂದನ್ನು ಓಡಿಸುತ್ತಿದ್ದ. ಮಧ್ಯಾಹ್ನ ಅವನೇ ಅಂಗಡಿಗೆ ಫೋನ್ ಮಾಡಿದ.

"ಏನಮ್ಮೋ, ಊರೂರಲ್ಲೂ ಆಟೋ ನಿಲ್ಲಿಸ್ತಾವ್ರೆ. ನಮ್ಮೂರ್ ಹೆಸರು ಇನ್ನೊಂದ್ಸಲ ಹಾಕು ಅಂತಾವ್ರೆ. ನಮ್ಮ ಹಟ್ಟೀಲಿ ದ್ಯಾವಮ್ಮ ಅಂತ ಒಂದ್ ಮುದುಕಿ ಐತೆ, ಅದು ಬಂದು ಆಟೋದೊಳಗೆ ಇಣುಕಿ ನೋಡ್ತು. ಈ ಊರು ಗೊತ್ತಿರೋ ಮಗಳು ಯಾರಪ್ಪ ಅಂತ."

ಅರುಣಾ ನಕ್ಕಳು. ಆ ಊರಿಗೆ ಅವಳು ಒಮ್ಮೆಯೂ ಹೋಗಿರಲಿಲ್ಲ.

ಲಸಿಕೆಯ ಕೆಲಸ ಮುಗಿದ ಮೇಲೆ ಸೌಂದರ್ಯ ಬಂದರು. ಚನ್ನೇಶನ ಮುಂದೆ ನಿಂತು, "ಹೋದ ಸಲ ಹನ್ನೊಂದು ದನ ಬಂದಿದ್ದ ಊರಲ್ಲಿ ಈ ಸಲ ನೂರ ಮೂವತ್ತು. ಎರಡೂ ಹೊಸಹಳ್ಳಿಯವರು ಸರಿಯಾದ ದಿನಕ್ಕೆ ಬಂದ್ರು. ಈ ಎಡಿಟಿಂಗ್ ಮಾಡಿದ್ದು ಯಾರು? ಜಿಲ್ಲಾ ಕಚೇರಿಯವರು ಉಳಿದ ಹೋಬಳಿಗಳಿಗೂ ಇದೇ ರೀತಿ ಬೇಕು ಅಂತಿದಾರೆ," ಎಂದರು.

ಚನ್ನೇಶ್ ಒಂದು ಕ್ಷಣವೂ ಯೋಚಿಸಲಿಲ್ಲ. "ಅರುಣಾ. ದನೀನೂ ಅವಳದೇ, ಕತ್ತರೀನೂ ಅವಳದೇ. ನಾನು ಕಾಗದಕ್ಕೆ ಗುರುತು ಹಾಕ್ದೋನು ಅಷ್ಟೇ."

ಆ ವಾರ ಅವನು ತನ್ನ ಕಂಪ್ಯೂಟರಿನಿಂದ ಕಳ್ಳಪ್ರತಿಯನ್ನು ತೆಗೆದುಹಾಕಿದ. ಆಡಾಸಿಟಿ ಹಾಕಿಕೊಂಡು, ಅರುಣಾಳ ಪಕ್ಕದಲ್ಲಿ ಕೂತು, ಮೊದಲಿನಿಂದ ಕಲಿಯತೊಡಗಿದ. ಮೌಸಿಗೆ ಕೈ ಹೋದಾಗಲೆಲ್ಲ ಅವಳು "ಕೀಲಿ ಒತ್ತಣ್ಣ, ಬೇಗ ಆಗ್ತದೆ" ಎನ್ನುತ್ತಿದ್ದಳು. ಅಂಗಡಿಯ ಬೋರ್ಡು ಬದಲಾಯಿತು. ಚನ್ನೇಶನ ಹೆಸರಿನ ಕೆಳಗೆ, ಅದೇ ಅಳತೆಯ ಅಕ್ಷರದಲ್ಲಿ, "ಧ್ವನಿ ಮತ್ತು ಸಂಕಲನ: ಅರುಣಾ" ಎಂದು ಬರೆಸಿದ್ದಾನೆ. ಏಕಾಂತಯ್ಯ ಮಂಡಿಗೆ ಹೋಗುವಾಗ ಹತ್ತಿರದ ದಾರಿ ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ಹೋಗುತ್ತಾರೆ.

ಈ ವರ್ಷ ಹಳೇಬೀಡಿನ ಗೈಡುಗಳು ಕೆಲವರು ಅವಳನ್ನು ಹುಡುಕಿಕೊಂಡು ಬಂದರು. ದೇವಸ್ಥಾನದ ಗೋಡೆಯ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಪ್ರವಾಸಿಗಳ ಫೋನಿಗೆ ಕೊಡಬೇಕೆಂದು ಅವರ ಆಸೆ, ಸ್ಟುಡಿಯೋಗೆ ಹೋಗುವ ಶಕ್ತಿಯಿಲ್ಲ. ಅರುಣಾ ತಾನೇ ಬಂದು ಕಲಿಸುತ್ತೇನೆ ಎಂದಳು. ಬೇಲೂರಿನಿಂದ ರಾಹುಲನೂ ಬಂದ. ಇಷ್ಟು ದಿನ ಫೋನಿನಲ್ಲಿ ಮಾತಾಡಿದವರು ಹಳೇಬೀಡಿನ ಬಸ್ ನಿಲ್ದಾಣದಲ್ಲಿ ಮೊದಲ ಸಲ ಎದುರಾದರು. "ಲೇಟಾಯ್ತಾ?" ಎಂದು ಅವನು ಯಾರನ್ನೋ ಕೇಳುತ್ತಿದ್ದ ಒಂದೇ ಮಾತಿಗೆ ಅವಳು ಗುರುತು ಹಿಡಿದು ಹೆಸರು ಕೂಗಿದಳು.

ಬಾಡಿಗೆಗೆ ಪಡೆದ ಕೋಣೆಯಲ್ಲಿ ಒಂಬತ್ತು ಜನ, ಐದು ಲ್ಯಾಪ್‌ಟಾಪು. ಆಡಾಸಿಟಿಯನ್ನು ಎಲ್ಲಕ್ಕೂ ರಾಹುಲ್ ಒಂದೇ ಪೆನ್‌ಡ್ರೈವಿನಿಂದ ಹಾಕಿಕೊಟ್ಟ. ಹೇಮಾಶ್ರೀ ಎಂಬ ಹೊಸ ಗೈಡ್ ಅಂಜುತ್ತ ಕೇಳಿದಳು. "ಹೀಗೆ ಕಾಪಿ ಮಾಡೋದು ತಪ್ಪಲ್ವಾ ಮೇಡಂ?"

"ಇಲ್ಲ. ಕೊಡೋಕಂತಲೇ ಮಾಡಿರೋದು. ನೀವು ಕಲ್ತ ಮೇಲೆ ಇನ್ನಿಬ್ರಿಗೆ ಕೊಡಿ," ಎಂದಳು ಅರುಣಾ.

ಎಲ್ಲರೂ ಒಂದೆರಡು ಸಾಲು ಹೇಳಿ ಮುದ್ರಿಸಿ, ಪರದೆಯ ಮೇಲಿನ ಅಲೆ ಅಲೆ ಗೆರೆಗಳನ್ನು ನೋಡುತ್ತ ಬೆರಳು ತೋರಿಸಿ ಮಾತಾಡತೊಡಗಿದರು. ಅರುಣಾ ಸ್ವಲ್ಪ ಹೊತ್ತು ಕೇಳಿದಳು.

"ಮೊದಲ್ನೇ ಪಾಠಕ್ಕೆ ಪರದೆ ಬೇಡ," ಎಂದಳು. "ಬೆಳಕು ಪೂರ್ತಿ ಇಳಿಸಿ. ಈಗ ಸ್ಪೇಸ್ ಬಾರ್ ಒತ್ತಿ, ಸುಮ್ನೆ ಕೇಳಿ. ಎಲ್ಲಿ ಉಸಿರು ತಗೊಂಡ್ರಿ ಅಂತ ನನಗೆ ಹೇಳಿ."

ಐದೂ ಪರದೆಗಳು ಕತ್ತಲಾದವು. ಕೋಣೆಯಲ್ಲಿ ಒಂಬತ್ತು ಜನ ಕಣ್ಣು ಮುಚ್ಚಿ ಕೂತು ತಮ್ಮ ತಮ್ಮ ದನಿಯನ್ನು ಕೇಳತೊಡಗಿದರು. ಮೊದಲು ಕೈ ಎತ್ತಿದವಳು ಹೇಮಾಶ್ರೀ. ಅರುಣಾಳಿಗೆ ಕೈ ಕಾಣುವುದಿಲ್ಲ ಎಂದು ನೆನಪಾಗಿ, "ಇಲ್ಲಿ, ಮೇಡಂ, ಸಿಕ್ತು," ಎಂದಳು.